ಕೋಟಿ ಮೇಷ್ಟ್ರು ಕೂತ ಸೋಫಾ

ಊಟಕ್ಕೆ ಕೂತಾಗ ಯಾರೂ ಮಾತಾಡಕೂಡದು ಎಂಬ ಕಾನೂನು ನಮ್ಮ ಮನೆಗೆ ಬಂದದ್ದು ಕೋಟಿ ಮೇಷ್ಟ್ರಿಂದ. ಅವರೇನೂ ನಮ್ಮ ಮನೆಯವರಲ್ಲ, ನೆಂಟರೂ ಅಲ್ಲ. ದಿನಾ ಸಂಜೆ ಟಿವಿಯಲ್ಲಿ ದುಡ್ಡಿನ ಪಾಠ ಹೇಳುವ ಮನುಷ್ಯ. ಅವರು ಬಾಯಿ ತೆರೆದರೆ ಕೋಟಿಗಿಂತ ಕಡಿಮೆ ಮಾತೇ ಇಲ್ಲ, ಅದಕ್ಕೇ ಊರೆಲ್ಲ ಆ ಹೆಸರಿಟ್ಟಿತ್ತು. ನೀಲಿ ಕೋಟು ಹಾಕಿಕೊಂಡು ಪರದೆಯ ಆ ತುದಿಯಿಂದ ಈ ತುದಿಗೆ ಓಡಾಡಿ, ಕೊನೆಗೆ ಎರಡೂ ಕೈ ಮೇಲೆತ್ತಿ, “ಮಾರಿ! ಹಾಕಿ! ಮಲಗಿ!” ಎನ್ನುತ್ತಿದ್ದರು. ಇರುವುದನ್ನು ಮಾರಿ, ಬಂದ ದುಡ್ಡನ್ನು ಅವರು ಹೇಳಿದ ಕಡೆ ಹಾಕಿ, ಆಮೇಲೆ ಕಾಲು ಚಾಚಿ ಮಲಗಿ ಎಂದು ಅರ್ಥ. ನಮ್ಮ ಮಾವ ಚಮಚ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಕೇಳುತ್ತಿದ್ದರು. ಸೂಪು ಆರಿಹೋಗುತ್ತಿತ್ತು.

ನಾನು ಈ ಮನೆಯ ಸೊಸೆ. ಕೆಳಗೆ ಸೋಫಾ, ಕುರ್ಚಿ ರಿಪೇರಿ ಮಾಡುವ ಅಂಗಡಿ, ಮೇಲೆ ಮನೆ. ಅಂಗಡಿ ಹಾಕಿದ್ದು ಅಜ್ಜ ಮತ್ತು ಅಜ್ಜಿ, ಅಂದರೆ ಮಾವನ ಅಪ್ಪ ಅಮ್ಮ. ಅಜ್ಜ ಹೋದಮೇಲೆ ಮಾವ ನಡೆಸಿಕೊಂಡು ಬಂದರು, ಈಗ ಅವರ ಜೊತೆ ನಮ್ಮವರೂ ಇದ್ದಾರೆ. ಅಪ್ಪ ಮಗ ಇಬ್ಬರೂ ಬಾಯಲ್ಲಿ ಸಣ್ಣ ಮೊಳೆ ಇಟ್ಟುಕೊಂಡು, ಒಂದೊಂದೇ ತೆಗೆದು ಬಟ್ಟೆಗೆ ಬಡಿಯುತ್ತಾರೆ. ಬಾಯಲ್ಲಿ ಮೊಳೆ ಇದ್ದಾಗ ಅವರಿಂದ ಮಾತು ಬರುವುದಿಲ್ಲ, ಬರೀ ತಲೆ ಅಲ್ಲಾಡುತ್ತದೆ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಹೊದಿಕೆ ಹೊಲಿಯುತ್ತೇನೆ. ಕಿಟಕಿ ಪಕ್ಕದ ಜಾಗ ನನ್ನದು. ಅಲ್ಲಿಂದ ಎದುರುಗಡೆ ಬೇಕರಿಯವನ ಒಲೆಯೂ ಕಾಣುತ್ತದೆ, ಅವನ ಹೆಂಡತಿ ಅವನಿಗೆ ಬೈಯುವುದೂ ಕೇಳುತ್ತದೆ.

ಅಜ್ಜಿಗೆ ಕಿವಿ ಮಂದ. ಮೊಮ್ಮಗಳು, ಅಂದರೆ ನನ್ನ ನಾದಿನಿ, ತನ್ನ ಮೊದಲ ಸಂಬಳದಲ್ಲಿ ಕಿವಿಗೆ ಹಾಕಿಕೊಳ್ಳುವ ಮಿಷನ್ನು ತಂದುಕೊಟ್ಟಿದ್ದಳು. “ಕುಂಯ್ ಅನ್ನತ್ತೆ” ಎಂದು ಅಜ್ಜಿ ಅದನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಮಾತನ್ನಾದರೂ ಎರಡು ಸಲ ಹೇಳಬೇಕು. ಮೊದಲ ಸಲ ಎಷ್ಟು ಉದ್ದ ಬೇಕಾದರೂ ಹೇಳಬಹುದು. ಅಜ್ಜಿ ಕಿವಿಯ ಹಿಂದೆ ಕೈಯಿಟ್ಟು “ಏನಂದೆ?” ಎನ್ನುತ್ತಾರೆ. ಎರಡನೇ ಸಲ ಕೂಗಿ ಹೇಳಬೇಕಲ್ಲ, ಉದ್ದಕ್ಕೆ ಕೂಗಲು ಯಾರಿಗೆ ಉಸಿರಿದೆ? ತಿರುಳು ಮಾತ್ರ ಹೊರಬರುತ್ತದೆ. ನಮ್ಮವರು ಒಮ್ಮೆ ಬೈಕು ಬೇಕೆಂದು ಸಾಮಾನು ಸಾಗಣೆ, ಸಮಯ ಉಳಿತಾಯ, ಗಿರಾಕಿಗಳ ಅನುಕೂಲ ಅಂತೆಲ್ಲ ವಿವರಿಸಿದ್ದರು. ಅಜ್ಜಿ “ಏನಂದೆ?” ಎಂದಾಗ ಗಂಟಲೆತ್ತಿ ಕೂಗಿದ್ದು ಇಷ್ಟೇ: “ಬೈಕ್ ಮೇಲೆ ಆಸೆ ಆಗಿದೆ!” ಎಲ್ಲರೂ ನಕ್ಕು, ಆ ಮಾತು ಅಲ್ಲಿಗೇ ಮುಗಿಯಿತು. ನನ್ನನ್ನು ಮದುವೆಯಾಗುವ ವಿಷಯವನ್ನೂ ಹೀಗೇ ಕೂಗಿದ್ದರಂತೆ. ಬೇಕರಿಯವನು ಅಂಗಡಿಯಿಂದಲೇ “ಒಳ್ಳೇದು!” ಅಂದಿದ್ದನಂತೆ.

ಇಂಥ ಮನೆಯಲ್ಲಿ ಅಜ್ಜಿಗೆ ಹೇಳಲಾಗದ ಮಾತೊಂದು ಹುಟ್ಟಿಕೊಂಡಿತು.

ಒಂದು ಸಂಜೆ ಮೇಷ್ಟ್ರ ಪಾಠ ಮುಗಿದು ಟಿವಿ ಆರಿಸಿದ ಮೇಲೆ ಮಾವ ತಟ್ಟೆ ನೋಡಿಕೊಂಡೇ ಹೇಳಿದರು. “ಅಂಗಡಿ ಮಾರ್ತಿದೀನಿ.”

“ಯಾವ ಅಂಗಡಿ?” ಎಂದರು ಅತ್ತೆ.

“ಇರೋದು ಒಂದೇ ಅಲ್ವೇನೇ.”

“ಮಾರಿ?”

“ಹಾಕ್ತೀನಿ.”

“ಹಾಕಿ?”

“ಮಲಗ್ತೀನಿ!” ಮಾವನಿಗೆ ರೇಗಿತು. “ನನ್ನ ಮಂಡಿ ನೋಡಿದೀಯಾ? ನೆಲದ ಮೇಲೆ ಮಂಡಿಯೂರಿ ಊರಿ ಏನೂ ಉಳಿದಿಲ್ಲ ಅಲ್ಲಿ. ಜನ ಹಳೇ ಸೋಫಾ ಬೀದಿಗೆಸೆದು ಹೊಸದು ತರೋ ಕಾಲ ಇದು. ಇವನಾದ್ರೂ ಬಾಯಲ್ಲಿ ಮೊಳೆ ಇಟ್ಕೊಂಡು ಮುದುಕ ಆಗೋದು ಬೇಡ.” ಎಂದು ನಮ್ಮವರ ಕಡೆ ಕೈ ತೋರಿಸಿದರು.

ನಮ್ಮವರು ಬ್ರೆಡ್ಡಿನ ಅಂಚು ಮುರಿಯುತ್ತ ಕೂತಿದ್ದರು. ಆ ಮನುಷ್ಯನಿಗೆ ಮಾತಾಡಬೇಕಾದ ಹೊತ್ತಿಗೇ ಬ್ರೆಡ್ಡಿನ ಮೇಲೆ ಗಮನ ಹೋಗುವುದು.

ಅಜ್ಜಿ ಕಿವಿಯ ಹಿಂದೆ ಕೈಯಿಟ್ಟರು. “ಏನಂದೆ?”

ಮಾವ ಬಾಯಿ ತೆರೆದರು. ಮುಚ್ಚಿದರು. ಆಮೇಲೆ ಕೂಗಿದರು: “ಏನಿಲ್ಲಮ್ಮಾ! ಸೂಪು ಚೆನ್ನಾಗಿದೆ ಅಂದೆ!”

ಅಜ್ಜಿ ಬಟ್ಟಲಿನೊಳಗೆ ಇಣುಕಿ ನೋಡಿ, “ನೀರಿದೆ” ಎಂದರು.

ನೀರಿದ್ದದ್ದು ನಿಜ. ದಿನದ ಖರ್ಚಿನಲ್ಲಿ ಸ್ವಲ್ಪ ಮಿಗಿಸಿ ಹಾಕಿ ಎಂದು ಮೇಷ್ಟ್ರು ಹೇಳಿದಂದಿನಿಂದ ಅತ್ತೆಯ ಕೈಗೆ ಬರುವ ಅಡುಗೆಮನೆ ದುಡ್ಡು ಇಳಿಯುತ್ತಾ ಹೋಗಿತ್ತು. ಆಲೂಗಡ್ಡೆ ಸೂಪಿನಲ್ಲಿ ಆಲೂಗಡ್ಡೆಯನ್ನು ಹುಡುಕಬೇಕಿತ್ತು. ಚಹಾಕ್ಕೆ ಹಾಲು ಹಾಕಿದ್ದೋ ಬರೀ ತೋರಿಸಿದ್ದೋ ಎಂದು ನನಗೆ ಅನುಮಾನ ಬರುತ್ತಿತ್ತು. ಮಾವ ಇನ್ನೊಂದು ಬಟ್ಟಲು ಕೇಳಿದರೆ ಅತ್ತೆ ಟಿವಿ ಕಡೆ ಕೈ ತೋರಿಸಿ, “ಅವರ ಹತ್ರ ಕೇಳಿ, ಬಡಿಸ್ತಾರೆ” ಅನ್ನುತ್ತಿದ್ದರು.

ಕೋಣೆಗೆ ಹೋದಮೇಲೆ ನಾನು ನಮ್ಮವರನ್ನು ಹಿಡಿದುಕೊಂಡೆ. “ಈಗ ಬಾಯಲ್ಲಿ ಮೊಳೆ ಇಲ್ವಲ್ಲ, ಮಾತಾಡಿ. ಅಂಗಡಿ ಮಾರಿದ್ರೆ ನಿಮಗೆ ಸರಿನಾ?”

“ಇಲ್ಲ.”

“ಮತ್ತೆ ಹೇಳಿ ಅಪ್ಪಂಗೆ.”

“ಅಪ್ಪ ನನಗೋಸ್ಕರ ಮಾಡ್ತಿದೀನಿ ಅಂದ್ಕೊಂಡಿದಾರೆ. ಬೇಡ ಅಂದ್ರೆ ನೊಂದ್ಕೋತಾರೆ.”

“ಹಾಗಾದ್ರೆ ಎಲ್ಲರೂ ನೋಯದೆ ಬೀದಿಗೆ ಬರೋಣ,” ಎಂದು ದೀಪ ಆರಿಸಿದೆ. ನನಗೆ ಅವರ ಮೇಲೆ ಬಂದ ಸಿಟ್ಟಿಗೆ ನಿದ್ದೆಯೂ ಹತ್ತಿರ ಬರಲಿಲ್ಲ.

ಆ ವಾರವೇ ದಲ್ಲಾಳಿ ಬಂದ. ಅಂಗಡಿಯ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದಾಗ ಅಜ್ಜಿ ಮೆಟ್ಟಿಲಿಳಿದು ಬಂದರು.

“ಯಾರೋ ಅದು?”

“ಗಿರಾಕಿ ಅಮ್ಮಾ! ಸೋಫಾ ಮಾಡಿಸೋಕೆ ಬಂದಿದಾರೆ!”

“ಗೋಡೆ ಅಳೀತಿದಾನೆ.”

“ಗೋಡೆ ಉದ್ದದ ಸೋಫಾ!” ಎಂದು ಕೂಗಿದರು ಮಾವ. ಅವರ ಕಿವಿ ಕೆಂಪಾಗಿತ್ತು.

ಅಜ್ಜಿ ದಲ್ಲಾಳಿಯನ್ನು ಮೇಲಿಂದ ಕೆಳಗೆ ನೋಡಿ, ಮೆಟ್ಟಿಲು ಹತ್ತಿಹೋದರು. ಮಾರನೇ ದಿನ ಉಣ್ಣೆಯ ಟೊಪ್ಪಿಯೊಂದನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡು ಕೂತಿದ್ದರು. “ಇಷ್ಟು ಸೆಕೆಯಲ್ಲಿ ಟೊಪ್ಪಿ ಯಾಕಜ್ಜೀ!” ಎಂದು ಕೂಗಿದೆ. “ವಯಸ್ಸಾಯ್ತಲ್ಲ, ಚಳಿ” ಎಂದರು.

ದಲ್ಲಾಳಿ ಮುಂದಿನ ತಿಂಗಳ ಮೊದಲಲ್ಲಿ ಮುಂಗಡ ತರುವುದೆಂದು ಮಾತಾಯಿತು. ಮುಂಗಡ ಹಿಡಿದರೆ ಮುಗಿಯಿತು, ಆಮೇಲೆ ನನ್ನ ಹೊಲಿಗೆ ಯಂತ್ರವನ್ನು ಎಲ್ಲಿಡುವುದೆಂದು ನಾನು ಯೋಚಿಸಬೇಕು.

ನಾದಿನಿ ತನ್ನ ರಜೆಯ ದಿನ ಮನೆಗೆ ಬಂದಳು. ಅವಳಿರುವುದು ಊರಿನ ಇನ್ನೊಂದು ತುದಿಯಲ್ಲಿ, ಅವಳ ಸ್ಟುಡಿಯೋ ಹತ್ತಿರ. ಶನಿವಾರ ಸಂಜೆ ಟಿವಿಯಲ್ಲಿ ನಗೆ ಕಾರ್ಯಕ್ರಮ ನಡೆಸುತ್ತಾಳೆ. ದೊಡ್ಡವರನ್ನು ಕರೆದು ಕೂರಿಸಿ, ಕಾಲೆಳೆದು, ಜನರನ್ನು ನಗಿಸುವುದು ಅವಳ ಕೆಲಸ. ಊರೆಲ್ಲ ನೋಡುವ ಆ ಕಾರ್ಯಕ್ರಮವನ್ನು ಮಾವ ಒಂದು ದಿನವೂ ನೋಡಿರಲಿಲ್ಲ. ಅದೇ ಹೊತ್ತಿಗೆ ಮೇಷ್ಟ್ರ ವಾರದ ಪಾಠಗಳ ಮರುಪ್ರಸಾರ ಇರುತ್ತಿತ್ತು.

ಅವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. “ಅಪ್ಪಾ, ಅಂಗಡಿ ಮಾರ್ತಿದೀಯಂತೆ.”

ಮಾವ ನನ್ನನ್ನು ದುರುಗುಟ್ಟಿ ನೋಡಿದರು. “ಮನೆ ಮಾತು ಮನೇಲಿ ಇರೋಕೆ ಬಿಡಲ್ವಾ ನೀನು?”

“ನಾನು ಹೇಳಿಲ್ಲ ಮಾವ.”

“ಮತ್ತೆ ಗೋಡೆ ಹೇಳ್ತಾ?”

ನಾನು ನಿಜಕ್ಕೂ ಹೇಳಿರಲಿಲ್ಲ. ಹೇಳಬೇಕೆಂದು ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಿದ್ದೆ. ಮಾಡದ ತಪ್ಪಿಗೆ ಬೈಸಿಕೊಂಡು ಮುಖ ಊದಿಸಿಕೊಂಡೆ.

“ಯಾರು ಹೇಳಿದ್ರೇನಪ್ಪ,” ಎಂದಳು ನಾದಿನಿ. “ಅಜ್ಜಿಗೆ ಹೇಳಿದೀಯಾ?”

“ಹೇಳ್ತೀನಿ. ಸಮಯ ಬರಲಿ.”

“ಈಗ ಹೇಳು. ಇಲ್ಲೇ ಕೂತಿದಾರೆ. ಒಂದೇ ಮಾತು, ಜೋರಾಗಿ.”

ಅಜ್ಜಿ ಟೊಪ್ಪಿ ಹಾಕಿಕೊಂಡೇ ಬಟಾಣಿ ಸುಲಿಯುತ್ತಿದ್ದರು. ಮಾವ ಅಜ್ಜಿಯ ಕಡೆ ತಿರುಗಿದರು, ಕೆಮ್ಮಿದರು, ನೀರು ಕುಡಿಯಲು ಎದ್ದುಹೋದರು. ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದರು. “ಹಲ್ಲು ಕಿಸಿಯೋ ಕೆಲಸದವಳು ನೀನು. ದುಡ್ಡಿನ ವಿಷಯ ನಿನಗೇನು ಗೊತ್ತು? ಅದಕ್ಕೆ ಓದಿದವರಿದಾರೆ.”

ನಾದಿನಿಯ ಮುಖ ಸಣ್ಣದಾಯಿತು. ಚಪ್ಪಲಿ ಬಿಟ್ಟು ಬಂದು ಕೂತು ಅವಳು ಮೆಲ್ಲಗೆ ಹೇಳಿದಳು. “ಇನ್ನೆರಡು ವಾರಕ್ಕೆ ನನ್ನ ಕಾರ್ಯಕ್ರಮಕ್ಕೆ ಯಾರು ಬರ್ತಿದಾರೆ ಗೊತ್ತಾ? ನಿನ್ನ ಓದಿದವರೇ. ಕೋಟಿ ಮೇಷ್ಟ್ರು.”

ಮಾವನ ಕೈಯಲ್ಲಿದ್ದ ಲೋಟ ಬೀಳುವುದೊಂದು ಬಾಕಿ. “ನಮ್ಮ... ನಿನ್ನ ಕಾರ್ಯಕ್ರಮಕ್ಕಾ? ಅವರಾ?”

“ಹೊಸ ಯೋಜನೆ ಬಂದಿದೆಯಲ್ಲ, ಅದರ ಪ್ರಚಾರಕ್ಕೆ. ನಗಿಸಿ ಕಳಿಸು ಅಂದಿದಾರೆ ನಮ್ಮ ಮ್ಯಾನೇಜರು.”

ಮಾವ ಕುರ್ಚಿ ಎಳೆದುಕೊಂಡು ಮಗಳ ಎದುರು ಕೂತರು. ನಾನು ಈ ಮನೆಗೆ ಬಂದಮೇಲೆ ಅವರು ಅವಳ ಕೆಲಸದ ಬಗ್ಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಎಷ್ಟು ಹೊತ್ತು ಕೂರುತ್ತಾರೆ? ಎಲ್ಲಿ ಕೂರುತ್ತಾರೆ? ಹತ್ತಿರದಿಂದ ನೋಡಬಹುದಾ?

“ಎಲ್ಲರೂ ಬನ್ನಿ, ಮುಂದಿನ ಸಾಲಲ್ಲೇ ಕೂರಿಸ್ತೀನಿ. ಆದ್ರೆ ಅಪ್ಪಾ, ಆ ಅತಿಥಿಗಳ ಸೋಫಾ ಹರಿದುಹೋಗಿದೆ. ಹೊದಿಕೆ ಬದಲಾಯಿಸಿಕೊಡ್ತೀಯಾ?”

“ಹೊದಿಕೆಯಾ?” ಎಂದರು ಮಾವ. “ಅಷ್ಟು ದೊಡ್ಡ ಮನುಷ್ಯ ಕೂರೋದು ಬರೀ ಹೊದಿಕೆ ಮೇಲಾ? ತರಿಸು.” ಆಮೇಲೆ ಬೆರಳು ತೋರಿಸಿದರು. “ಅವರನ್ನ ಅವಮಾನ ಮಾಡಿದ್ರೆ ಮಾತ್ರ ನೀನು ಈ ಮನೆ ಮೆಟ್ಟಿಲು ಹತ್ತಬೇಡ.”

“ನಾನು ಅವಮಾನ ಮಾಡಲ್ಲ,” ಎಂದಳು ನಾದಿನಿ. “ಪ್ರಶ್ನೆ ಕೇಳ್ತೀನಿ.”

ಸೋಫಾ ಬಂತು. ಮಾವ ಅದನ್ನು ಪೂರ್ತಿ ಬಿಚ್ಚಿದರು. ಹಳೆಯ ಸ್ಪ್ರಿಂಗು, ಪಟ್ಟಿ, ನಾರು ಎಲ್ಲ ಹೊರಗೆ ಬಿತ್ತು. ಮಂಡಿನೋವನ್ನೂ ಮರೆತು ಬೆಳಗಿಂದ ಸಂಜೆವರೆಗೆ ನೆಲದ ಮೇಲೆ ಕೂತರು. ಒಳ್ಳೆಯ ಸ್ಪ್ರಿಂಗು, ಮೂರು ಪದರ ಸ್ಪಂಜು, ನನಗೆ ಹೊಲಿಯಲು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಮೆತ್ತನೆಯ ಬಟ್ಟೆ. “ಒಂದ್ಸಲ ಕೂತ್ರೆ ಏಳೋಕೆ ಮನಸ್ಸಾಗಬಾರದು” ಎನ್ನುತ್ತಿದ್ದರು. ಅವರು ಅಷ್ಟು ಖುಷಿಯಿಂದ ಕೆಲಸ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮಾರಿ ಮಲಗಬೇಕೆನ್ನುವ ಮನುಷ್ಯನ ಕೈ ಹಾಗೆ ಓಡುವುದನ್ನು ನೋಡಿ ನನಗೆ ನಗುವೂ ಬಂತು, ಸಂಕಟವೂ ಆಯಿತು.

ಸೀಟಿನ ಆಳ ಎಷ್ಟಿರಬೇಕು ಎನ್ನುವುದಕ್ಕೆ ಕೂರುವವರ ಕಾಲಿನ ಅಳತೆ ಬೇಕು. ಮೇಷ್ಟ್ರ ಅಳತೆ ಎಲ್ಲಿಂದ ತರುವುದು? ಮಾವ ಸಂಜೆ ಟೇಪು ಹಿಡಿದು ಟಿವಿ ಮುಂದೆ ನಿಂತರು. ಪರದೆಯ ಮೇಲೆ ಮೇಷ್ಟ್ರನ್ನೂ ಅವರ ಪಕ್ಕದ ಮೇಜನ್ನೂ ಅಳೆದರು. ಮೇಜಿನ ಎತ್ತರ ಸಾಮಾನ್ಯವಾಗಿ ಇಷ್ಟಿರುತ್ತದೆ, ಆ ಲೆಕ್ಕಕ್ಕೆ ಮನುಷ್ಯ ಇಷ್ಟು ಎಂದು ಬೆರಳು ಮಡಚಿದರು. “ಆರಡಿಗೆ ಕಡಿಮೆ ಇಲ್ಲ!”

“ಅಪ್ಪಾ, ಸೀಟು ಬಹಳ ಆಳ ಆಗುತ್ತೆ,” ಎಂದರು ನಮ್ಮವರು, ಬಾಯಿಂದ ಮೊಳೆ ತೆಗೆದು. “ಅಕಸ್ಮಾತ್ ಅವರು ಅಷ್ಟು ಎತ್ತರ ಇಲ್ದೇ ಇದ್ರೆ?”

“ದಿನಾ ನೋಡ್ತಿದೀನಿ ಕಣೋ. ನಂಗೆ ಗೊತ್ತಿಲ್ವಾ?”

ನಮ್ಮವರು ಮೊಳೆಯನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಆ ಶನಿವಾರ ನಾವೆಲ್ಲ ಮುಂದಿನ ಸಾಲಲ್ಲಿ ಕೂತೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೂದಲಿಗೆ ನೀರು ಹಚ್ಚಿ ಬಾಚಿದ್ದರು. ಅವರ ಈ ಕಡೆ ಅತ್ತೆ, ಆ ಕಡೆ ಟೊಪ್ಪಿ ಹಾಕಿದ ಅಜ್ಜಿ. ವೇದಿಕೆಯ ಮೇಲೆ ನಮ್ಮ ಸೋಫಾ ಬೆಳಕಿನಲ್ಲಿ ಹೊಳೆಯುತ್ತಿತ್ತು. ನೇರ ಪ್ರಸಾರ, ಆದ್ದರಿಂದ ಯಾರೂ ಎದ್ದು ಓಡಾಡಬಾರದು ಎಂದು ಹೇಳಿದ್ದರು.

ಚಪ್ಪಾಳೆಯ ನಡುವೆ ಕೋಟಿ ಮೇಷ್ಟ್ರು ಬಂದರು. ಅದೇ ನೀಲಿ ಕೋಟು. ಆದರೆ ನಾದಿನಿ ಎದ್ದು ಕೈಕುಲುಕಿದಾಗ ಅವರ ತಲೆ ಅವಳ ಭುಜಕ್ಕೆ ಬಂತು.

“ಇವರೇನಾ?” ಮಾವ ಪಿಸುಗುಟ್ಟಿದರು.

“ಅವರೇ,” ಎಂದರು ಅತ್ತೆ.

“ಟಿವಿಯಲ್ಲಿ...”

“ಟಿವಿಯಲ್ಲಿ ಮೇಜೂ ಗಿಡ್ಡ ಇಟ್ಟಿರ್ತಾರೆ. ಸುಮ್ನಿರಿ.”

ಮೇಷ್ಟ್ರು ಸೋಫಾದ ಮೇಲೆ ಕೂತರು. ಕೂತರು ಎಂದರೆ ತಪ್ಪಾದೀತು, ಹೋದರು. ಮೂರು ಪದರ ಸ್ಪಂಜು ಅವರನ್ನು ಒಳಗೆಳೆದುಕೊಂಡಿತು. ಎರಡು ಕಾಲೂ ನೆಲಬಿಟ್ಟು ಮೇಲೆದ್ದು, ಬೂಟಿನ ಅಡಿಭಾಗ ನಮಗೆಲ್ಲ ಕಾಣಿಸಿತು. ಜನ ಗೊಳ್ಳೆಂದರು. ಮೇಷ್ಟ್ರೂ ದೊಡ್ಡದಾಗಿ ನಕ್ಕು, “ಮಲಗಿ ಅಂತ ನಾನು ಹೇಳೋದು, ನೀವು ಮಲಗಿಸೇಬಿಟ್ರಲ್ಲ!” ಎಂದರು. ಚುರುಕು ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಮಾವ ನಾಚಿಕೆಯಿಂದ ಮುಖಕ್ಕೆ ಕೈ ಅಡ್ಡ ಹಿಡಿದರು.

ಸ್ವಲ್ಪ ಹೊತ್ತು ತಮಾಷೆಯೇ ನಡೆಯಿತು. ಆಮೇಲೆ ನಾದಿನಿ, “ಮೇಷ್ಟ್ರೇ, ಹೋದ ವರ್ಷ ನೀವು ಹೇಳಿದ್ದು ಒಂದು ನೋಡೋಣ” ಎಂದು ಹಿಂದಿನ ಪರದೆ ತೋರಿಸಿದಳು. ಅದರಲ್ಲಿ ಮೇಷ್ಟ್ರು ಯಾವುದೋ ಕಂಪನಿಯನ್ನು ಹೊಗಳಿ, “ಕಣ್ಮುಚ್ಚಿ ಹಾಕಿ! ಮನೆ ಮಾರಿಯಾದ್ರೂ ಹಾಕಿ!” ಎನ್ನುತ್ತಿದ್ದರು.

“ಆ ಕಂಪನಿ ಈಗೆಲ್ಲಿದೆ ಮೇಷ್ಟ್ರೇ?”

“ನೋಡಮ್ಮಾ, ಮಾರುಕಟ್ಟೆಯ ಸಹಜ ಏರಿಳಿತಗಳ ಹಿನ್ನೆಲೆಯಲ್ಲಿ, ದೀರ್ಘಾವಧಿಯ ದೃಷ್ಟಿಯಿಂದ ಗಮನಿಸಿದಾಗ, ಅದೊಂದು ತಾತ್ಕಾಲಿಕ ಹಿನ್ನಡೆ ಅಂತ ವಿಶ್ಲೇಷಿಸಬೇಕಾಗುತ್ತೆ...”

“ಏನಂದ್ರು?”

ಇಡೀ ಸಭಾಂಗಣ ತಿರುಗಿ ನೋಡಿತು. ಅಜ್ಜಿ ಟೊಪ್ಪಿಯ ಮೇಲೆ, ಕಿವಿಯ ಹಿಂದೆ ಕೈಯಿಟ್ಟು ಕೂತಿದ್ದರು.

“ನಮ್ಮಜ್ಜಿ,” ಎಂದಳು ನಾದಿನಿ. “ಕಿವಿ ಮಂದ. ನಮ್ಮನೇಲಿ ಎಲ್ಲ ಮಾತನ್ನೂ ಇನ್ನೊಂದ್ಸಲ ಹೇಳ್ತೀವಿ. ಚಿಕ್ಕದಾಗಿ, ಜೋರಾಗಿ. ಬೇಜಾರಿಲ್ಲದೆ ಅಜ್ಜಿಗೆ ಹೇಳ್ತೀರಾ?”

ಮುದುಕಿಗೆ ಆಗುವುದಿಲ್ಲ ಎನ್ನಲು ಯಾರಿಂದಾದೀತು? ಅದೂ ಅಷ್ಟು ಜನ ನೋಡುವಾಗ? ಮೇಷ್ಟ್ರು ಕೈ ಬಾಯಿಗಿಟ್ಟು ಕೂಗಿದರು. “ಅಜ್ಜೀ! ಮಾರುಕಟ್ಟೇಲಿ ಏರಿಳಿತ ಇರುತ್ತೆ!”

“ಏನಂದ್ರಿ?”

“ಇಳೀತು!”

“ಎಷ್ಟು ಇಳೀತು?”

“ಪೂರ್ತಿ!”

“ಜನ ಹಾಕಿದ ದುಡ್ಡು?”

“ಹೋಯ್ತು!”

ಜನ ಬಿದ್ದು ಬಿದ್ದು ನಕ್ಕರು. ನಾದಿನಿ ಮಾತ್ರ ನಗಲಿಲ್ಲ. ನಗು ಇಳಿಯುವವರೆಗೂ ಕಾದು, ಸಭೆಯ ಕಡೆ ತಿರುಗಿದಳು. “ಮೇಷ್ಟ್ರ ಮಾತು ಕೇಳಿ ಏನಾದ್ರೂ ಮಾರಿದವರು ಇಲ್ಲಿ ಯಾರಾದ್ರೂ ಇದ್ರೆ ಕೈ ಎತ್ತಿ.”

ಹಿಂದಿನ ಸಾಲಿನ ಹೆಂಗಸೊಬ್ಬಳ ಕೈ ಮೇಲೆದ್ದಿತು. ಆಮೇಲೆ ಅವಳ ಪಕ್ಕದವನದು. ಆಮೇಲೆ ಅಲ್ಲೊಂದು, ಇಲ್ಲೊಂದು. ನಗಲು ಬಂದವರ ನಡುವೆ ಅಷ್ಟು ಕೈಗಳು. ಮಾವ ಕತ್ತು ತಿರುಗಿಸಿ ಆ ಕೈಗಳನ್ನೇ ನೋಡುತ್ತಿದ್ದರು.

“ಇದು ಹಾಸ್ಯ ಕಾರ್ಯಕ್ರಮ ಅಂತ ಬಂದೆ ನಾನು,” ಎಂದರು ಮೇಷ್ಟ್ರು.

“ನಿಮ್ಮದು ದುಡ್ಡಿನ ಕಾರ್ಯಕ್ರಮ ಅಂತ ನೋಡಿದ್ರು ಇವರು,” ಎಂದಳು ನಾದಿನಿ. “ಆ ಕಂಪನಿಗೆ ನೀವೆಷ್ಟು ಹಾಕಿದ್ರಿ?”

“ಅದು ನನ್ನ ಸ್ವಂತ ವಿಷಯ.”

“ಅವರದೂ ಸ್ವಂತ ಮನೆಗಳೇ.”

ಮೇಷ್ಟ್ರು ಕೋಟಿನ ಗುಂಡಿ ಎಳೆದುಕೊಂಡರು. ಅಷ್ಟರಲ್ಲಿ ಅಜ್ಜಿ ಒಳ್ಳೆಯ ನೆರೆಮನೆಯವಳ ದನಿಯಲ್ಲಿ ಕೇಳಿದರು. “ಅಲ್ಲಪ್ಪಾ, ನಿನ್ನ ದುಡ್ಡು ನೀನು ಎಲ್ಲಿಟ್ಟಿದೀಯ?”

ಅಷ್ಟು ಹೊತ್ತು ಅಜ್ಜಿಗೆ ಕೂಗಿ ಕೂಗಿ ಮೇಷ್ಟ್ರಿಗೂ ನಮ್ಮ ಮನೆಯ ರೂಢಿ ಹತ್ತಿಬಿಟ್ಟಿತ್ತು. ಯೋಚಿಸುವ ಮೊದಲೇ ಬಾಯಿಂದ ಹೊರಬಿತ್ತು. “ಅಂಗಡಿಗಳಲ್ಲಿ ಅಜ್ಜೀ! ಬಾಡಿಗೆ ಬರುತ್ತೆ!”

ಆಗ ಎದ್ದ ಗದ್ದಲಕ್ಕೆ ಮೇಲಿನ ದೀಪಗಳು ಕಳಚಿ ಬೀಳುತ್ತವೇನೋ ಅನ್ನಿಸಿತು. ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು, “ನಾನು ಹೊರಟೆ” ಎಂದು ಏಳಲು ಹೋದರು. ಸೋಫಾ ಬಿಡಬೇಕಲ್ಲ. ಮುಂದಕ್ಕೆ ವಾಲಿದರೆ ಸ್ಪ್ರಿಂಗು ಹಿಂದಕ್ಕೆ ಕರೆಯುತ್ತಿತ್ತು. ಕಾಲು ಬಡಿದರೆ ನೆಲ ಸಿಗುತ್ತಿರಲಿಲ್ಲ. ಎರಡನೇ ಸಲ ಎದ್ದು ಬಿದ್ದಾಗ ನಗು ಕೇಕೆಯಾಯಿತು.

ಆಗ ನಮ್ಮ ಸಾಲಿನಿಂದ ಯಾರೋ ಎದ್ದರು. ನೋಡಿದರೆ ಮಾವ. ಯಾರೂ ಓಡಾಡಬಾರದೆಂದು ಹೇಳಿದ್ದು ಅವರ ತಲೆಯಲ್ಲಿರಲಿಲ್ಲ. ತಾವು ಮಾಡಿದ ಸೋಫಾದಲ್ಲಿ ಒಬ್ಬ ಮನುಷ್ಯ ಕಷ್ಟಪಡುವುದನ್ನು ಅವರಿಂದ ನೋಡಲಾಗಲಿಲ್ಲ. ಮಂಡಿ ಹಿಡಿದುಕೊಂಡು ವೇದಿಕೆ ಹತ್ತಿದರು.

“ಪಕ್ಕಕ್ಕೆ ಜರುಗಿ. ಹಾಂ. ಈಗ ತೋಳಿನ ಮೇಲೆ ಕೈ ಊರಿ,” ಎಂದು ಕೈಕೊಟ್ಟು ಎಬ್ಬಿಸಿದರು. “ಕ್ಷಮಿಸಿ ಮೇಷ್ಟ್ರೇ. ತಪ್ಪು ನಂದೇ. ನೀವು ಎತ್ತರ ಅಂದ್ಕೊಂಡಿದ್ದೆ.”

ನಾದಿನಿ ತಡೆಯಲಿಲ್ಲ. ಅವಳ ಕಣ್ಣು ತುಂಬಿದ್ದು ಮುಂದಿನ ಸಾಲಿಗೆ ಚೆನ್ನಾಗಿ ಕಾಣುತ್ತಿತ್ತು.

ಮಾವ ಹಿಡಿದ ಕೈ ಬಿಡಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದರು. ಮೇಷ್ಟ್ರ ಕೋಟಿನ ಮೈಕಿನಿಂದ ಎಲ್ಲರಿಗೂ ಕೇಳಿಸಿತು. “ನಂಗೂ ಒಂದು ಅಂಗಡಿ ಇದೆ. ನಮ್ಮಪ್ಪ ಅಮ್ಮ ಹಾಕಿದ್ದು. ನಿಮ್ಮ ಮಾತು ಕೇಳಿ ಮಾರೋಕೆ ಹೊರಟಿದ್ದೆ. ನನ್ನ ಮುಖ ನೋಡಿ ಹೇಳಿ. ಮಾರ್ಲಾ?”

ಮೇಷ್ಟ್ರು ಮಾವನ ಮುಖ ನೋಡಿದರು. ಟಿವಿಯಲ್ಲಿ ಅವರಿಗೆ ಯಾರ ಮುಖವೂ ಕಾಣುವುದಿಲ್ಲವಲ್ಲ. ಅವರ ಭುಜ ಇಳಿಯಿತು. ಮೆಲ್ಲಗೆ ಏನೋ ಅಂದರು.

“ಏನಂದ್ರು?” ಎಂದರು ಅಜ್ಜಿ.

ಮೇಷ್ಟ್ರು ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, ಗಂಟಲು ಹರಿಯುವ ಹಾಗೆ ಕೂಗಿದರು. “ಮಾರಬೇಡಿ ಅಂದೆ!”

ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅತ್ತೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ಅವರಿಗೆ ಶಿಳ್ಳೆ ಹೊಡೆಯಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಅಳುತ್ತ ನಗುತ್ತ ನಮ್ಮವರ ತೋಳು ಹಿಡಿದುಕೊಂಡಿದ್ದೆ.

ಮನೆಗೆ ಬರುವ ಬಸ್ಸಿನಲ್ಲಿ ಏನು ಕೇಳಿದರೂ ಮಾವ ತಲೆಯಾಡಿಸುತ್ತ ಕೂತಿದ್ದರು. ಇಳಿದಮೇಲೆ ಬೇಕರಿಯವನು ಅಂಗಡಿಯಿಂದ ಓಡಿಬಂದು, “ನೋಡಿದೆ ನೋಡಿದೆ!” ಎಂದು ಬಿಸಿ ಬ್ರೆಡ್ಡೊಂದನ್ನು ಅವರ ಕೈಯಲ್ಲಿಟ್ಟ. ಅದಕ್ಕೂ ಬರೀ ತಲೆಯಾಡಿಸಿದರು.

ಸೋಮವಾರ ಅಂಗಡಿ ಬಾಗಿಲು ತೆಗೆಯುವ ಮೊದಲೇ ಫೋನು ಬಡಿದುಕೊಳ್ಳತೊಡಗಿತ್ತು. ಊರಿಗೆಲ್ಲ ಏಳಲಾಗದ ಸೋಫಾ ಬೇಕಾಗಿತ್ತು. ಒಬ್ಬರು ತಮ್ಮ ಬಾಸಿಗೆ, ಒಬ್ಬರು ಗಂಡನಿಗೆ. ಇನ್ನೊಬ್ಬರಂತೂ, “ನಮಗೆ ಗಟ್ಟಿ ಸೋಫಾ ಮಾಡಿಕೊಡಿ, ನಮ್ಮ ಬೀಗರು ಮೊದಲೇ ಎದ್ದುಹೋಗಲ್ಲ” ಎಂದರು. ನಾನು ಅಳತೆ ಬರೆದುಕೊಳ್ಳುತ್ತಿದ್ದೆ. ಮಾವ ಬಾಯಿ ತುಂಬ ಮೊಳೆ ಇಟ್ಟುಕೊಂಡು ತಲೆ ತಗ್ಗಿಸಿ ಬಡಿಯುತ್ತಿದ್ದರು.

ನಮ್ಮವರು ಸುತ್ತಿಗೆ ಕೆಳಗಿಟ್ಟರು. ತಮ್ಮ ಬಾಯಿಯ ಮೊಳೆ ತೆಗೆದರು. “ಅಪ್ಪಾ, ನಂಗೆ ಈ ಕೆಲಸ ಇಷ್ಟ. ಬೇರೆ ಏನೂ ಬೇಡ. ನೆಲದ ಕೆಲಸ ಇನ್ಮೇಲೆ ನಂಗೆ ಬಿಡು, ನೀನು ಮೇಜಿನ ಮೇಲಿನದು ನೋಡ್ಕೋ.”

ಮಾವನ ಸುತ್ತಿಗೆ ನಿಂತಿತು. ಮಗನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದರು. ನನಗೆ ಹೊಲಿಗೆ ಬಿಟ್ಟು ಎದ್ದು ಕುಣಿಯಬೇಕು ಅನ್ನಿಸಿತು.

ಅಷ್ಟರಲ್ಲಿ ದಲ್ಲಾಳಿ ಬಂದ. “ಮುಂಗಡ ತಂದಿದೀನಿ. ನಿಮ್ಮ ಅಂಗಡಿ ಈಗ ಟಿವಿಯಲ್ಲೂ ಬಂತಲ್ಲ, ಇನ್ನೂ ಸ್ವಲ್ಪ ಹೆಚ್ಚು ಕೊಡ್ತಾರಂತೆ.”

ಮಾವ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದರು. ದಲ್ಲಾಳಿ ಮತ್ತೆ ಹೇಳಿದ. ಮಾವ ಮತ್ತೆ ಅಲ್ಲಾಡಿಸಿದರು. ಬಾಯಲ್ಲಿ ಮೊಳೆ ಇರುವ ಮನುಷ್ಯನ ಜೊತೆ ಚೌಕಾಸಿ ಮಾಡುವುದು ಹೇಗೆಂದು ತಿಳಿಯದೆ ದಲ್ಲಾಳಿ ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಹೋದ.

ಆಮೇಲೆ ಮಾವ ಮೊಳೆಗಳನ್ನು ಅಂಗೈಗೆ ಉಗಿದುಕೊಂಡು ಎದ್ದರು. ಅತ್ತೆ ಮೇಲಿನಿಂದ ಸೂಪಿನ ಪಾತ್ರೆ ತಂದು ಆಗಷ್ಟೇ ಇಟ್ಟಿದ್ದರು, ಅಜ್ಜಿ ಕಿಟಕಿ ಹತ್ತಿರ ನೆಲದ ಮೇಲೆ ಕೂತು ಬಟ್ಟಲು ಹಿಡಿದಿದ್ದರು. ಅಂದಿನ ಸೂಪಿನಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು.

ಮಾವ ಅಜ್ಜಿಯ ಮುಂದೆ ನಿಂತು, ಎದೆ ತುಂಬ ಗಾಳಿ ತುಂಬಿಕೊಂಡು ಕೂಗಿದರು. “ಅಮ್ಮಾ! ನಿನಗೆ ಹೇಳದೆ ಅಂಗಡಿ ಮಾರ್ತಿದ್ದೆ! ಇನ್ನು ಮಾರಲ್ಲ!”

ಬೀದಿಯಾಚೆಯಿಂದ ಬೇಕರಿಯವನು ಕೂಗಿದ. “ಕೇಳಿಸ್ತು! ಒಳ್ಳೇದು!”

ಅಜ್ಜಿ ಮುಖ ಕಿವುಚಿ ಟೊಪ್ಪಿಯನ್ನು ಮೇಲಕ್ಕೆಳೆದರು. “ಯಾಕೋ ಹಾಗೆ ಕಿರುಚ್ತೀಯ? ತಲೆ ಸಿಡೀತು. ಮಿಷನ್ ಹಾಕ್ಕೊಂಡಿದೀನಿ.”

ಅಜ್ಜಿಯ ಕಿವಿಯಲ್ಲಿ ಮೊಮ್ಮಗಳು ಕೊಡಿಸಿದ ಮಿಷನ್ನು ಅಚ್ಚುಕಟ್ಟಾಗಿ ಕೂತಿತ್ತು. ಮಾವ ಬಗ್ಗಿ ನೋಡಿದರು.

“ಯಾವಾಗಿಂದ?”

“ಗೋಡೆ ಉದ್ದದ ಸೋಫಾ ಬಂದ ದಿನದಿಂದ.”

“ಹಾಗಾದ್ರೆ ಎಲ್ಲಾ... ನಿನ್ನ ಮೊಮ್ಮಗಳಿಗೆ ಹೇಳಿದ್ದು...”

“ನಾನೇ. ಸುಮ್ನೆ ಆ ಹುಡುಗಿ ಮೇಲೆ ಹಾರಾಡಿದೆ ನೀನು.” ಅಜ್ಜಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಸ್ಟುಡಿಯೋದಲ್ಲಿ ಅವರು ಕಿವಿಯ ಹಿಂದೆ ಕೈಯಿಟ್ಟು ಕೂತ ಚಂದ ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದ್ದರು.

ಅಜ್ಜಿ ಬಟ್ಟಲನ್ನು ಪಕ್ಕಕ್ಕಿಟ್ಟು, ತಮ್ಮ ಪಕ್ಕದ ನೆಲವನ್ನು ತಟ್ಟಿದರು. “ಬಾ ಇಲ್ಲಿ. ಈಗ ಮೆತ್ತಗೆ ಹೇಳು.”

ಮಾವ ನೋಯುವ ಮಂಡಿಯನ್ನು ಮಡಿಸಿ ಅಜ್ಜಿಯ ಪಕ್ಕ ಕೂತು, ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ನಮಗ್ಯಾರಿಗೂ ಕೇಳಿಸಲಿಲ್ಲ.